ತೆಗಿ ಅಂದ್ರ ತೆಗೀಬೇಕೋ, ತೆಗೀಬೇಕೋ

ದೇವದುರ್ಗದ ಹತ್ತಿರದ ಹಳ್ಳಿಯ ಕುರಿಗಾರ ಕನಕರಾಯನ ಮಗಳು ಬಂಡೆಮ್ಮನಿಗೆ ಚಿಕ್ಕಂದಿನಿಂದ ಒಂದು ಚಟವಿತ್ತು. ಕಣ್ಣಿಗೆ ಬಿದ್ದದ್ದಕ್ಕೆಲ್ಲ ಹೆಸರಿಡುವುದು. ಇಟ್ಟ ಹೆಸರು ಚೆಂದ ಇರಬೇಕೆಂಬ ಹಟವೇನೂ ಅವಳಿಗಿರಲಿಲ್ಲ. ಹೆಸರು ಕೇಳಿದ ಕೂಡಲೇ ಅದು ಏನು ಮಾಡುತ್ತದೆಂದು ಎದುರಿನವರಿಗೆ ತಿಳಿದುಬಿಡಬೇಕು, ಅಷ್ಟೆ. ಹಿಂಡು ಬಿಟ್ಟು ಓಡುವ ಕುರಿ ‘ಓಡಾಕಿ’. ಹಿಂದಿನಿಂದ ಬಂದು ಗುದ್ದುವುದು ‘ಗುದ್ದಾಕಿ’. ಕಂಡವರ ಹೊಲಕ್ಕೆ ಬಾಯಿ ಹಾಕುವುದು ‘ಜಗಳಾ ತರಾಕಿ’. ಮಗಳ ಬುದ್ಧಿಗೆ ಕನಕರಾಯ ಮೊದಮೊದಲು ಹಿಗ್ಗಿದ. ಆ ಹಿಗ್ಗು ದೇವದುರ್ಗದ ಸಂತೆಯಲ್ಲಿ ಇಳಿಯಿತು.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಕನಕರಾಯ ಒಂದು ಕೊಬ್ಬಿದ ಕುರಿಯನ್ನು ಸಂತೆಗೆ ಹೊಡೆದುಕೊಂಡು ಬಂದಿದ್ದ. ಕೊಳ್ಳುವವನು ಬೆನ್ನು ಒತ್ತಿ ನೋಡಿದ, ಹಲ್ಲು ನೋಡಿದ, ಒಪ್ಪಿದ. ಹಗ್ಗ ಕೈಗೆ ತೆಗೆದುಕೊಳ್ಳುತ್ತ ಸುಮ್ಮನೆ ಬಾಯಿಮಾತಿಗೆ ಬಂಡೆಮ್ಮನನ್ನು ಕೇಳಿದ, “ಏನವ್ವಾ, ಇದಕ್ಕ ಹೆಸರಿಟ್ಟೀಯೇನು?”

“ಹೂಂರಿ. ಕೆಮ್ಮಾಕಿ.”

ಅವನು ಹಗ್ಗ ಬಿಟ್ಟ. ಕನಕರಾಯ ಕೈ ಮುಗಿದ. “ಯಪ್ಪಾ, ಮರಿ ಇದ್ದಾಗ ಒಂದ್ ಸರ್ತಿ ಕೆಮ್ಮಿತ್ತು. ಆಮ್ಯಾಲೆ ಕೆಮ್ಮೇ ಇಲ್ಲ. ಹುಡುಗಿ ಮಾತು ಕೇಳಬ್ಯಾಡ್ರಿ.” ಅವನು ಕೇಳಲೂ ಇಲ್ಲ, ನಿಲ್ಲಲೂ ಇಲ್ಲ. ಅಂದು ಸಂತೆಯಲ್ಲಿ ಆ ಕುರಿಯ ಹೆಸರು ಕುರಿಗಿಂತ ಮುಂದೆ ಹೋಯಿತು. ಇನ್ನೊಂದು ಮೂಲೆಯಲ್ಲಿ ಗಿರಾಕಿ ಹುಡುಕಿದರೆ ಅವನೂ “ಇದೇ ಏನು ಆ ಕೆಮ್ಮು ಕುರಿ?” ಎಂದ. ಸಂಜೆ ತಂದೆ, ಮಗಳು, ಕುರಿ ಮೂವರೂ ಮನೆಗೆ ನಡೆದರು. ದಾರಿಯಲ್ಲಿ ಕನಕರಾಯ ಒಂದೇ ಮಾತು ಆಡಿದ. “ನಾಳಿಂದ ನೀ ಕುರಿ ಹಿಂದ ಬರಬ್ಯಾಡ. ಸಾಲಿಗೆ ಹೋಗು.”

ಬಂಡೆಮ್ಮನ ವಿದ್ಯಾಭ್ಯಾಸ ಶುರುವಾದದ್ದು ಹೀಗೆ. ಅವಳು ಎಸ್ಸೆಸ್ಸೆಲ್ಸಿ ಪಾಸಾದಳು. ರಾಯಚೂರಿನ ಸ್ಟೇಷನ್ ಹತ್ತಿರ ಸೋದರಮಾವನ ಮನೆಯಲ್ಲಿದ್ದು ಟೈಪಿಂಗ್ ಕಲಿತಳು. ಎಂಬತ್ಮೂರರ ಸುಮಾರಿಗೆ ಶರಣಯ್ಯ ಸಾಹುಕಾರರ ಹತ್ತಿ ಜಿನ್ನಿನಲ್ಲಿ ಟೈಪಿಸ್ಟ್ ಆಗಿ ಸೇರಿದಳು. ವಿದ್ಯೆ ಬಂತು, ನೌಕರಿ ಬಂತು, ಚಟ ಹೋಗಲಿಲ್ಲ. ಜಿನ್ನಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಮಷೀನುಗಳಿಗೆ ನಂಬರು ಮಾತ್ರ ಇದ್ದವು. ಬಂಡೆಮ್ಮನಿಗೆ ಅದು ಅನ್ಯಾಯವೆನಿಸಿತು. ಸದ್ದು ಮಾಡುವ ಮಷೀನು ‘ಗೊಣಗಪ್ಪ’ ಆಯಿತು. ವಾರಕ್ಕೊಮ್ಮೆ, ಹೆಚ್ಚಾಗಿ ಮಂಗಳವಾರವೇ, ಕೆಟ್ಟು ನಿಲ್ಲುವುದು ‘ಮಂಗಳವಾರ’ ಆಯಿತು. ಕೆಲಸಗಾರರಿಗೆ ಹೆಸರುಗಳು ಹಿಡಿಸಿಬಿಟ್ಟವು. ಒಂದು ದಿನ ಮೇಸ್ತ್ರಿ ಓಡಿಬಂದು ಹೇಳಿದ, “ಸಾವ್ಕಾರ್ರ, ಮಂಗಳವಾರ ನಿಂತದರಿ!”

“ಮಂಗಳವಾರ ನಿಂತಿದ್ದು ಈಗ ಹೇಳಾಕತ್ತೀಯಲ್ಲೋ? ಇವತ್ತು ಶುಕ್ರವಾರ!”

“ಹೌದ್ರಿ, ಮಂಗಳವಾರ ಶುಕ್ರವಾರ ನಿಂತದ. ಬುಧವಾರನೂ ಒಂದ್ ಸರ್ತಿ ನಿಂತಿತ್ತು.”

ಶರಣಯ್ಯನವರು ಕ್ಯಾಲೆಂಡರ್ ನೋಡಿದರು, ಮೇಸ್ತ್ರಿಯನ್ನು ನೋಡಿದರು, ಕೊನೆಗೆ ಬಂಡೆಮ್ಮನನ್ನು ನೋಡಿದರು. ನಕ್ಕು ಕಳಿಸಿದರು. ಅವರು ಒಳ್ಳೆಯ ಮನುಷ್ಯ. ಹೊಸದೇನು ಕಂಡರೂ ಬೇಕು ಎನ್ನುವ ಒಂದು ದೌರ್ಬಲ್ಯ ಬಿಟ್ಟರೆ ಮತ್ತಾವ ದೋಷವೂ ಇರಲಿಲ್ಲ.

ಆ ದೌರ್ಬಲ್ಯದಿಂದಲೇ ಎಂಬತ್ತೇಳರಲ್ಲಿ ಜಿನ್ನಿಗೆ ಕಂಪ್ಯೂಟರ್ ಬಂತು. ಗುಂಟೂರಿನ ಯಾವುದೋ ಹತ್ತಿ ವ್ಯಾಪಾರಿಯ ಟೇಬಲ್ಲಿನ ಮೇಲೆ ಅದನ್ನು ಕಂಡು ಬಂದ ಶರಣಯ್ಯನವರಿಗೆ ಊಟ ಸೇರಲಿಲ್ಲ. ಕಂಪ್ಯೂಟರಿಗೆಂದು ಬೇರೆ ಕೋಣೆ, ಕಿಟಕಿಗೆ ಎಸಿ, ನೆಲಕ್ಕೆ ಜಮಖಾನೆ ಆದವು. ರಾಯಚೂರಿನ ಬಿಸಿಲಿನಲ್ಲಿ ಸಾಹುಕಾರರೂ ಬೆವರುತ್ತಿದ್ದರು, ಕಂಪ್ಯೂಟರ್ ಮಾತ್ರ ತಂಪಾಗಿತ್ತು. ಆಫೀಸಿನಲ್ಲಿ ಚಹಾ ಮಾಡಿ ಕಸ ಗುಡಿಸುವ ದಾವಲ್ ಬೀ ಬಾಗಿಲಲ್ಲಿ ನಿಂತು ಎಲ್ಲರ ಚಪ್ಪಲಿ ಬಿಡಿಸುತ್ತಿದ್ದಳು. ಒಮ್ಮೆ ಸಾಹುಕಾರರ ಕಾಲನ್ನೂ ಒರೆಸಿ ಒಳಗೆ ಬಿಟ್ಟಳು.

ಕಂಪ್ಯೂಟರಿಗೆ ಕೆಲಸ ಕಲಿಸಲು ಹೈದರಾಬಾದಿನಿಂದ ಅಲ್ಲಾಉದ್ದೀನ್ ಎಂಬ ತರುಣ ಎಂಜಿನಿಯರ್ ಬಂದ. ಒಳ್ಳೆಯ ಕೆಲಸಗಾರ. ಆಗಿನ ಕಂಪ್ಯೂಟರಿನಲ್ಲಿ ಚಿತ್ರ, ಗುಂಡಿ ಏನೂ ಇರಲಿಲ್ಲ. ಕಪ್ಪು ಪರದೆ, ಹಸಿರು ಅಕ್ಷರ. ಏನು ಬೇಕೋ ಅದರ ಹೆಸರನ್ನು ನಾವೇ ಕೀಲಿಯೊತ್ತಿ ಬರೆಯಬೇಕು, ಆಗ ಅದು ಮಾಡುತ್ತದೆ. ಹೆಸರು ಒಂದಕ್ಷರ ತಪ್ಪಿದರೆ ಸುಮ್ಮನೆ ಕೂರುತ್ತದೆ. ಅಲ್ಲಾಉದ್ದೀನ್ ಕಡತ ನೋಡುವುದಕ್ಕೊಂದು, ಹುಡುಕುವುದಕ್ಕೊಂದು, ಕಾಗದದ ಮೇಲೆ ಅಚ್ಚು ಮಾಡುವುದಕ್ಕೊಂದು ಹೀಗೆ ಪುಟ್ಟ ಪುಟ್ಟ ಪ್ರೋಗ್ರಾಂ ಬರೆದು, ಅವುಗಳ ಹೆಸರನ್ನು ರಟ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಿದ. ಬಂಡೆಮ್ಮ ಓದಿ ನೋಡಿದಳು. ಪಿ-ಆರ್-ಟಿ-ಎಕ್ಸ್. ಡಿ-ಎಲ್-ಆರ್-ಸಿ. ಎಸ್-ಆರ್-ಸಿ-ಎಚ್-ಟು.

“ತಮ್ಮಾ, ಇವು ಹೆಸರೇನು?”

“ಹೌದಕ್ಕಾ. ಶಾರ್ಟ್ ಮಾಡೀನಿ. ಎಂಟು ಅಕ್ಷರಕ್ಕಿಂತ ಜಾಸ್ತಿ ಹಿಡಿಯಂಗಿಲ್ಲ ಅದು.”

“ಇವನ್ನ ಅಂದ್ರ ಗಂಟಲಾಗ ಮೀನಿನ ಮುಳ್ಳು ಸಿಕ್ಕಂಗ ಆಗ್ತದ. ‘ಟು’ ಅಂದ್ರೇನು? ‘ಒನ್’ ಎಲ್ಲಿ ಹೋತು?”

ಅಲ್ಲಾಉದ್ದೀನ್ ತಲೆ ಕೆರೆದುಕೊಂಡ. ‘ಒನ್’ ಸರಿಯಾಗಿ ನಡೆದಿರಲಿಲ್ಲ, ಅದಕ್ಕೆ ಅವನು ಅದನ್ನು ಅಳಿಸಿದ್ದ. ಮಾತು ಸಾಹುಕಾರರ ತನಕ ಹೋಯಿತು. ಅವರು ಕೂಡಲೇ ತೀರ್ಪು ಕೊಟ್ಟರು: ಹೆಸರು ಕನ್ನಡದಲ್ಲಿರಲಿ, ಅಕ್ಷರ ಇಂಗ್ಲಿಷಿನಲ್ಲಿರಲಿ, ಇಡುವ ಕೆಲಸ ಬಂಡೆಮ್ಮನದು. ಬಂಡೆಮ್ಮನ ಬದುಕಿನಲ್ಲಿ ಅಷ್ಟು ಸಂತೋಷದ ದಿನ ಅದಕ್ಕೂ ಹಿಂದೆ ಬಂದಿರಲಿಲ್ಲ.

ಇಬ್ಬರೂ ಚಹಾ ಕುಡಿಯುತ್ತ ಕೂತರು. ನೋಡುವುದಕ್ಕೆ ‘ನೋಡು’. ಹುಡುಕುವುದಕ್ಕೆ ‘ಹುಡಕು’. ಕೆಲಸ ಮುಗಿಸಿ ಹೊರಗೆ ಬರುವುದಕ್ಕೆ ‘ಸಾಕು’. ಅಚ್ಚು ಮಾಡುವ ಯಂತ್ರ ಡಬಡಬನೆ ಬಡಿಯುತ್ತಿತ್ತಾದ್ದರಿಂದ ಅದಕ್ಕೆ ‘ಹೊಡಿ’. ತೊಡಕು ಬಂದದ್ದು ಬೇಡವಾದ್ದನ್ನು ಅಳಿಸಿಹಾಕುವ ಪ್ರೋಗ್ರಾಮಿಗೆ ಬಂದಾಗ.

“ಮಿಟಾವೊ ಅಂತ ಇಡೂಣೇನಕ್ಕಾ?” ಎಂದ ಅಲ್ಲಾಉದ್ದೀನ್.

“ಛೇ, ಮಿಠಾಯಿ ಅಂದಂಗ ಆಗ್ತದ. ಎಲ್ಲಾರೂ ಅದನ್ನೇ ಒತ್ತತಾರ.”

“ಹಂಗಾದ್ರ ‘ಒಗಿ’?”

ಬಂಡೆಮ್ಮ ಬಾಗಿಲ ಕಡೆ ತಿರುಗಿದಳು. “ದಾವಲ್ ಬೀ, ಒಗಿ ಅಂದ್ರ ನೀ ಏನು ಮಾಡ್ತೀ?”

“ಅರಿವಿ ತಂದು ಕೊಡ್ರಿ, ಒಗೀತೀನಿ. ಸಬಕಾರ ಮುಗದದ, ಸೋಪು ತರಸ್ರಿ ಮತ್ತ.”

“ನೋಡಿದೇನು?” ಬಂಡೆಮ್ಮ ಅಲ್ಲಾಉದ್ದೀನ್‌ಗೆ ಬೆರಳು ತೋರಿಸಿದಳು. “ಒಂದು ಮಾತಿಗೆ ಎರಡು ಅರ್ಥ ಇದ್ರ ಅದು ಹೆಸರಲ್ಲ, ಬಲೆ. ನಾವು ಬಿಸಾಡು ಅಂತೀವಿ, ಇವರು ತೊಳೀತಾರ.” ಆಮೇಲೆ ತೊಡೆ ತಟ್ಟಿ ಹೇಳಿದಳು. “‘ತೆಗಿ’ ಅಂತ ಇಡು. ಅಕ್ಕ್ಯಾಗಿನ ಕಲ್ಲು ತೆಗೀತೀವಿ, ಕಾಲಾಗಿನ ಮುಳ್ಳು ತೆಗೀತೀವಿ. ಬ್ಯಾಡಾದ್ದು ತೆಗಿ. ಇದರಾಗ ಯಾರಿಗೆ ಏನು ತಿಳಿಯಂಗಿಲ್ಲ?”

ಅಲ್ಲಾಉದ್ದೀನ್ ಒಂದು ಎಚ್ಚರಿಕೆಯನ್ನೂ ಸೇರಿಸಿದ. ‘ತೆಗಿ’ ಎಂದು ಬರೆದರೆ ಕಂಪ್ಯೂಟರ್ “ಖರೇನಾ?” ಎಂದು ಕೇಳಬೇಕು. ‘ಹೂಂ’ ಎಂದರೆ ಮಾತ್ರ ಅಳಿಸಬೇಕು. ಎಲ್ಲ ಮುಗಿಸಿ ಅವನು ಹೈದರಾಬಾದಿಗೆ ಹೊರಟ.

ಹೆಸರುಗಳು ಜಿನ್ನಿನಲ್ಲಿ ಜೋರಾಗಿ ನಡೆದವು. ಒಂದೇ ಸಣ್ಣ ಗಲಾಟೆ ಆಯಿತು. ಕವಿತಾಳದಿಂದ ಹತ್ತಿ ತಂದಿದ್ದ ಒಬ್ಬ ರೈತ ತೂಕದ ವಿಷಯಕ್ಕೆ ಸಾಹುಕಾರರ ಎದುರು ಸ್ವಲ್ಪ ದನಿ ಏರಿಸಿದ. ಶರಣಯ್ಯನವರು ಅವನಿಗೆ ಲೆಕ್ಕ ತೋರಿಸೋಣವೆಂದು ಕೂತಲ್ಲಿಂದಲೇ ಕೂಗಿದರು, “ಬಂಡೆಮ್ಮಾ, ಹೊಡಿ! ಇವರದು ಪೂರಾ ಹೊಡಿ!” ಒಳಗಿನಿಂದ ಡಬಡಬ ಸದ್ದು ಶುರುವಾದದ್ದೇ ತಡ, ರೈತ ತಲೆಯ ರುಮಾಲು ಅಲ್ಲೇ ಬಿಟ್ಟು ಗೇಟಿನ ಹೊರಗಿದ್ದ. ಅವನನ್ನು ಬಸ್‌ಸ್ಟ್ಯಾಂಡಿನ ತನಕ ಹೋಗಿ ಸಮಾಧಾನ ಮಾಡಿ ಕರೆತರಬೇಕಾಯಿತು.

ಎರಡು ವರ್ಷ ಕಳೆಯಿತು. ಶರಣಯ್ಯನವರ ಮಗಳಿಗೆ ಮಾನ್ವಿಯ ವರ ಗೊತ್ತಾದ. ಲಗ್ನಪತ್ರಿಕೆ ಕಳಿಸಬೇಕಾದವರ ಹೆಸರು, ವಿಳಾಸ ಎಲ್ಲ ಕಂಪ್ಯೂಟರಿನಲ್ಲೇ ಇರಲಿ, ಅದೇ ಲಕೋಟೆಗಳ ಮೇಲೆ ಅಚ್ಚು ಹೊಡೆಯಲಿ ಎಂದು ಸಾಹುಕಾರರಿಗೆ ಆಸೆ. ಮನೆಯ ಹಿರಿಯರು ಚೀಟಿ ಚೀಟಿಯಲ್ಲಿ ಬರೆದು ಕಳಿಸಿದ್ದನ್ನೆಲ್ಲ ಬಂಡೆಮ್ಮ ವಾರಗಟ್ಟಲೆ ಕೂತು ಒಳಗೆ ಹಾಕಿದಳು. ಕಡತಕ್ಕೆ ‘ಮದುವಿ’ ಎಂದೇ ಹೆಸರು. ಕೆಲಸ ಮುಗಿದ ದಿನ ಚೀಟಿಗಳ ಗಂಟನ್ನು ದಾವಲ್ ಬೀಗೆ ಕೊಟ್ಟು, “ಇನ್ನ ಇವು ಬ್ಯಾಡ, ಒಲಿಗೆ ಹಾಕು” ಎಂದಳು. ಒಂದು ನಕಲನ್ನು ಫ್ಲಾಪಿಯ ಮೇಲೆ ತೆಗೆದಿಟ್ಟಳು. ಆಗಿನ ಫ್ಲಾಪಿ ಅಂಗೈಗಿಂತ ದೊಡ್ಡದು, ರಟ್ಟಿನಂತೆ ಬಳುಕುತ್ತಿತ್ತು. ಅದರ ಮೇಲೆ ಎಲ್ಲರಿಗೂ ತಿಳಿಯುವ ಹಾಗೆ ‘ಜೋಪಾನ’ ಎಂದು ಬರೆದಳು.

ಮಾನ್ವಿಯ ಬೀಗರು ಒಂದು ಬೆಳಿಗ್ಗೆ ಜೀಪಿನಲ್ಲಿ ಬಂದರು. ಸಾಹುಕಾರರು ಉಪ್ಪಿಟ್ಟು, ಚಹಾ ಆದ ಕೂಡಲೇ ಅವರನ್ನು ಕಂಪ್ಯೂಟರಿನ ಕೋಣೆಗೆ ಕರೆದೊಯ್ದರು. ಬಂಡೆಮ್ಮ ಬ್ಯಾಂಕಿಗೆ ಹೋಗಿದ್ದಳು. ಮಾನ್ವಿ ಕಡೆಯ ಹತ್ತಿ ಖರೀದಿಯ ಲೆಕ್ಕ ನೋಡಿಕೊಳ್ಳುವ ಗುಮಾಸ್ತ ದುರುಗಪ್ಪ ಕೋಣೆಯಲ್ಲಿದ್ದ. ಆದರೆ ಅವನಿಗೆ ಆ ಯಂತ್ರದಲ್ಲಿ ಬರುತ್ತಿದ್ದದ್ದು ‘ಸಾಕು’ ಒಂದೇ. ಅದನ್ನು ಬರೆದು ಎದ್ದು ಹೋಗುವುದರಲ್ಲಿ ಅವನು ನಿಪುಣ.

“ಯಾರೂ ಬ್ಯಾಡ, ನಾನೇ ತೋರಿಸ್ತೀನಿ ಬರ್ರಿ,” ಎಂದು ಶರಣಯ್ಯನವರು ಕುರ್ಚಿ ಎಳೆದುಕೊಂಡರು. “ಮದುವಿಗೆ ಯಾರ್‍ಯಾರನ್ನ ಕರೀಬೇಕು ಅನ್ನೋದು ಇದರ ಹೊಟ್ಟ್ಯಾಗದ. ಈಗ ನಿಮ್ಮ ಮುಂದ ತೆಗೀತೀನಿ.” ಗೋಡೆಯ ರಟ್ಟಿನ ಮೇಲೆ ಕಣ್ಣಾಡಿಸಿದರು. ಅವರ ಬಾಯಲ್ಲಿದ್ದ ಶಬ್ದವೇ ಅಲ್ಲಿಯೂ ಇತ್ತು. ಒಂದು ಬೆರಳಿನಿಂದ ಒತ್ತೊತ್ತಿ ಬರೆದರು: ತೆಗಿ ಮದುವಿ.

“ಖರೇನಾ?” ಎಂದಿತು ಕಂಪ್ಯೂಟರ್.

“ಎಷ್ಟ್ ಮರ್ಯಾದಿ ನೋಡ್ರಿ! ಕೇಳಿ ತೆಗೀತದ,” ಎಂದು ಸಾಹುಕಾರರು ಉಬ್ಬಿದರು. ‘ಹೂಂ’ ಎಂದು ಬರೆದರು.

“ತೆಗೆದಾಯಿತು” ಎಂದು ಹಸಿರಕ್ಷರ ಮೂಡಿತು. ಬೀಗರು ಚಪ್ಪಾಳೆ ತಟ್ಟಿದರು. ಎಲ್ಲರೂ ಪರದೆ ನೋಡುತ್ತ ನಿಂತರು. ಆ ಅಕ್ಷರದ ಕೆಳಗೆ ಪರದೆ ಖಾಲಿ.

“ತೆಗದೀನಿ ಅಂತದ, ಎಲ್ಲದ್ರಿ?” ಎಂದರು ಬೀಗರು.

“ಎಸಿಗೆ ಥಂಡಿ ಹಿಡದಿರಬೇಕು. ತಡೀರಿ,” ಎಂದ ಸಾಹುಕಾರರು ಮತ್ತೆ ‘ತೆಗಿ’ ಬರೆದರು. ಈ ಬಾರಿ ಬೇರೆ ಕಡತದ ಹೆಸರು ಹಾಕಿದರು. ಅದೂ ತೆಗೆದಾಯಿತು. ಇನ್ನೊಂದು ಹಾಕಿದರು. ಬಂಡೆಮ್ಮ ಬ್ಯಾಂಕಿನಿಂದ ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಡುವ ಹೊತ್ತಿಗೆ ಅವರು ಜಿನ್ನಿನ ಅರ್ಧ ಇತಿಹಾಸ ತೆಗೆದಿದ್ದರು. ಪರದೆಯ ಮೇಲೆ ಒಂದರ ಕೆಳಗೊಂದು ‘ತೆಗೆದಾಯಿತು’ ನೋಡಿ ಅವಳು ಕುರ್ಚಿಯತ್ತ ಧಾವಿಸಿದಳು.

“ಯಾರು ತೆಗದ್ರೀ ಇದನ್ನ?”

“ನಾನೇ ತೆಗದೆ.”

“ಸಾವ್ಕಾರ್ರ, ತೆಗದ್ರ ಹೋತಲ್ರೀ!”

“ತೆಗದ್ರ ಬರಬೇಕವ್ವಾ, ಹೋಗೋದು ಹೆಂಗ?”

“ತೆಗದ್ರ ಇರಂಗಿಲ್ರೀ!”

“ತೆಗೀದಿದ್ರ ಕಾಣೋದು ಹೆಂಗ?”

ಬೀಗರು ಒಮ್ಮೆ ಇವರ ಮುಖ, ಒಮ್ಮೆ ಅವಳ ಮುಖ ನೋಡಿದರು. ದುರುಗಪ್ಪ ಮೆಲ್ಲನೆ ಮುಂದೆ ಬಂದು ‘ಸಾಕು’ ಎಂದು ಬರೆದ.

ಹೈದರಾಬಾದಿಗೆ ಟ್ರಂಕ್ ಕಾಲ್ ಹಾಕಿದರು. ಬಂಡೆಮ್ಮ ಹೇಳಿದ್ದನ್ನೆಲ್ಲ ಕೇಳಿ ಅಲ್ಲಾಉದ್ದೀನ್ ಆ ಕಡೆಯಿಂದ ಕೂಗಿದ, “ಹೆದರಬ್ಯಾಡ್ರಿ ಅಕ್ಕಾ! ಫ್ಲಾಪಿ ಅದ ಅಲ್ಲೇನು, ಅದರಾಗಿಂದ ತಗೋರಿ!” ಬಂಡೆಮ್ಮನಿಗೆ ಜೀವ ಬಂತು. ಡ್ರಾಯರು ಎಳೆದರೆ ಫ್ಲಾಪಿ ಇಲ್ಲ.

“ಅದಾ?” ಎಂದಳು ದಾವಲ್ ಬೀ. “ಜೋಪಾನ ಅಂತ ಬರದಿತ್ತಲ್ಲ, ಡ್ರಾದಾಗ ಇಟ್ರ ಜೋಪಾನ ಆಗ್ತದೇನು? ನಾನೇ ತಗದು ತಿಜೋರಿಯಾಗ ಇಟ್ಟೀನಿ.”

“ಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ. ತಾ ಅದನ್ನ.”

ದಾವಲ್ ಬೀ ತಂದುಕೊಟ್ಟಳು. ತಿಜೋರಿಯ ಒಳಡಬ್ಬಿ ಚಿಕ್ಕದೆಂದು ಅವಳು ಫ್ಲಾಪಿಯನ್ನು ನಾಲ್ಕು ಮಡಿಕೆ ಮಡಚಿ, ಮೇಲೆ ದಾರ ಸುತ್ತಿ, ಹುಳ ಹಿಡಿಯದಿರಲೆಂದು ಡಾಂಬರು ಗುಳಿಗೆಯನ್ನೂ ಇಟ್ಟಿದ್ದಳು.

ಮಡಿಕೆ ಬಿದ್ದ ಫ್ಲಾಪಿಯನ್ನು ಕಂಪ್ಯೂಟರ್ ಓದಲಿಲ್ಲ. ಬಂಡೆಮ್ಮ ಚಹಾದ ಒಲೆಯ ಹತ್ತಿರ ಹೋಗಿ ಕೂತುಬಿಟ್ಟಳು. ಅಳು ಬರುತ್ತಿತ್ತು. ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬರುತ್ತಿತ್ತು, ಯಾರ ಮೇಲೆಂದು ಗೊತ್ತಾಗುತ್ತಿರಲಿಲ್ಲ. “ದಾವಲ್ ಬೀ, ನೀನೇ ಹೇಳು. ತೆಗಿ ಅಂದ್ರ ಏನು?”

ದಾವಲ್ ಬೀ ಚಹಾ ಸೋಸುತ್ತ ಹೇಳಿದಳು. “ನಿಮ್ಮವ್ವ ಹೊರಗ ನಿಂತು ಬಾಗಿಲಾ ತೆಗಿ ಅಂದ್ರ ಬಾಗಿಲಾ ಕಿತ್ತು ಬೀದಿಗೆ ಹಾಕ್ತೀಯೇನು?”

“ಮತ್ತ ಅವತ್ತೇ ಯಾಕ ಹೇಳಲಿಲ್ಲ?”

“ಅವತ್ತು ನೀ ಒಗಿ ಅಂದ್ರೇನು ಅಂತ ಕೇಳಿದಿ. ತೆಗಿ ಅಂದ್ರೇನು ಅಂತ ಕೇಳಲಿಲ್ಲ.”

ಸಾಹುಕಾರರು ಬಂಡೆಮ್ಮನನ್ನು ಬೈಯಲಿಲ್ಲ. ಬೈಯಲು ಹೊರಟಾಗಲೆಲ್ಲ “ನಾನೇ ತೆಗದೆ” ಎಂಬ ಮಾತು ನೆನಪಾಗಿ ಬಾಯಿ ಮುಚ್ಚುತ್ತಿತ್ತು. ಜಿನ್ನಿನ ಲೆಕ್ಕಕ್ಕೆ ಕಾಗದದ ಪುಸ್ತಕಗಳಾದರೂ ಇದ್ದವು, ಮದುವೆಯ ಪಟ್ಟಿಗೆ ಏನೂ ಉಳಿದಿರಲಿಲ್ಲ. ಮದುವೆ ಹತ್ತಿರವಿತ್ತು. ಯಾರನ್ನು ಕರೆಯಬೇಕೆಂದು ಮನೆಮಂದಿಯೆಲ್ಲ ಕೂತು ನೆನಪು ಮಾಡಿಕೊಂಡರೆ, ನೆನಪಿಗೆ ಬಂದವರೆಲ್ಲ ಪಕ್ಕದಲ್ಲೇ ಕೂತವರು. ಒಬ್ಬ ನೆಂಟನನ್ನು ಬಿಟ್ಟರೂ ಅವನು ಮೊಮ್ಮಕ್ಕಳ ಕಾಲದ ತನಕ ಆಡಿಕೊಳ್ಳುತ್ತಾನೆ. ಆಗ ಬಂಡೆಮ್ಮ ಕೈ ಹಿಸುಕುತ್ತ ಎದ್ದು ನಿಂತು ಹೇಳಿದಳು. “ಸಾವ್ಕಾರ್ರ, ಎಲ್ಲಾರನ್ನೂ ಕರದುಬಿಟ್ರ ಯಾರನ್ನೂ ಬಿಟ್ಟಂಗ ಆಗಂಗಿಲ್ಲ. ಜೀಪಿಗೆ ಮೈಕ್ ಕಟ್ಟೂಣ. ಊರೂರಿಗೆ ಕೂಗಿಸೂಣ. ಏನು ಕೂಗಬೇಕು ಅನ್ನೋದು ನಾ ಬರದು ಕೊಡ್ತೀನಿ, ಒಂದೇ ಅರ್ಥ ಬರೂವಂಗ.”

ಬರೆದುಕೊಟ್ಟಳು. ದುರುಗಪ್ಪ ಜೀಪಿನಲ್ಲಿ ಕೂತು ದೇವದುರ್ಗ, ಕವಿತಾಳ, ಮಾನ್ವಿ ಸುತ್ತಿದ. “ರಾಯಚೂರಿನ ಜಿನ್ನಿನ ಶರಣಯ್ಯ ಸಾವ್ಕಾರ್ರ ಮಗಳ ಮದುವಿ ಬರೂ ಸೋಮವಾರ ಜಿನ್ನಿನಾಗೇ ಅದ. ಸಾವ್ಕಾರ್ರ ಗುರುತು ಇದ್ದವರೆಲ್ಲಾ ತಪ್ಪದ ಬರಬೇಕು!” ನೀರಮಾನ್ವಿಯಲ್ಲಿ ಒಬ್ಬ ಮುದುಕ ಜೀಪು ನಿಲ್ಲಿಸಿದ.

“ತಮ್ಮಾ, ನನಗ ಅವರ ಗುರುತದ. ಅವರಿಗೆ ನನ್ನ ಗುರುತಿಲ್ಲ. ಬರಬೇಕೋ, ಬ್ಯಾಡೋ?”

ದುರುಗಪ್ಪ ಚೀಟಿ ತಿರುಗಿಸಿ ನೋಡಿದ. ಅಲ್ಲಿ ಅದಕ್ಕೆ ಉತ್ತರವಿರಲಿಲ್ಲ. “ಬರ್ರಿ ಯಪ್ಪಾ. ಬಂದ ಮ್ಯಾಲೆ ಗುರುತಾಗ್ತದ,” ಎಂದ.

ಮದುವೆಯ ದಿನ ಬಂದವರನ್ನು ನೋಡಿ ರಾಯಚೂರಿನವರು ಯಾರೋ ಮಂತ್ರಿ ಬಂದಿದ್ದಾರೆಂದುಕೊಂಡರು. ಲಾರಿಯಲ್ಲಿ ಬಂದರು, ಟ್ರ್ಯಾಕ್ಟರಿನಲ್ಲಿ ಬಂದರು, ರೈಲಿಳಿದು ದಾರಿ ತಪ್ಪಿದವರೂ ಜನದ ಹಿಂದೆ ಬಂದರು. ಒಬ್ಬರು ಭಾಷಣ ಯಾವಾಗ ಎಂದು ವಿಚಾರಿಸಿದರು. ಪೆಂಡಾಲು ಸಾಲದೆ ಹತ್ತಿಯ ಗೋದಾಮು ಬಿಡಿಸಿ ಪಂಕ್ತಿ ಹಾಕಿದರು. ಉಂಡವರೆಲ್ಲ ಗದ್ದಕ್ಕೆ ಅರಳೆ ಮೆತ್ತಿಸಿಕೊಂಡು ಬಿಳಿ ಗಡ್ಡದ ಋಷಿಗಳ ಹಾಗೆ ಹೊರಗೆ ಬಂದರು. ಹುಗ್ಗಿ ತೀರಿತು, ಮತ್ತೆ ಮಾಡಿದರು, ಮತ್ತೆ ತೀರಿತು. ಪಕ್ಕದ ರೈಸ್‌ಮಿಲ್ಲಿನವರು ಅಕ್ಕಿಯ ಚೀಲ ಹೊರಿಸಿಕೊಂಡೇ ಮದುವೆಗೆ ಬಂದರು. ಅಷ್ಟರಲ್ಲಿ ಮೊದಲ ಸಾಲಿನಲ್ಲಿ ಕೂತವನೊಬ್ಬನನ್ನು ಕಂಡು ಸಾಹುಕಾರರು ನಿಂತಲ್ಲೇ ನಿಂತರು. ಪಕೀರಪ್ಪ. ಒಂದು ಕಾಲದಲ್ಲಿ ಜೊತೆಗೆ ವ್ಯಾಪಾರ ಮಾಡಿದವನು. ಒಂದು ತಕ್ಕಡಿ ಯಾರದು ಎಂಬ ಜಗಳದಲ್ಲಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಅಳಿಸಿಹೋದ ಹೆಸರುಗಳಲ್ಲಿ ಅವನ ಹೆಸರು ಇರಲೇ ಇಲ್ಲ.

ಪಕೀರಪ್ಪ ತಾನೇ ಎದ್ದ. “ಮೈಕಿನಾಗ ಕೂಗಿದ್ರು. ನಿನ್ನ ಗುರುತು ನನಗಿಲ್ಲ ಅನ್ನಾಕ ಬಾಯಿ ಬರಲಿಲ್ಲೋ ಶರಣಾ. ಬಂದೆ.”

ಶರಣಯ್ಯನವರು ಅವನನ್ನು ತಬ್ಬಿಕೊಂಡು ಎಲ್ಲರೆದುರು ಅತ್ತರು. ಆಮೇಲೆ ಮೂಗು ಒರೆಸಿಕೊಳ್ಳುತ್ತ ಬಂಡೆಮ್ಮನ ಹತ್ತಿರ ಬಂದು, “ಯವ್ವಾ, ನಾ ತೆಗದದ್ದು ಛಲೋನೇ ಆತು ನೋಡು,” ಎಂದರು. ಬಂಡೆಮ್ಮ ಆ ಹೊತ್ತಿಗೆ ಬೆಳಗಿನಿಂದ ಬಡಿಸಿ ಬಡಿಸಿ ಸೋತಿದ್ದಳು. ಸೌಟು ಎತ್ತಿ ತೋರಿಸಿದಳು.

ಮದುವೆಗೆ ಅಲ್ಲಾಉದ್ದೀನನೂ ಬಂದಿದ್ದ. ಉಳಿದ ಹುಗ್ಗಿ ತಿನ್ನುತ್ತ ಅವನೂ ಬಂಡೆಮ್ಮನೂ ‘ತೆಗಿ’ಗೆ ಬೇರೆ ಹೆಸರು ಹುಡುಕಿದರು. ಈ ಸಲ ಬಂಡೆಮ್ಮ ಪ್ರತಿಯೊಂದನ್ನೂ ದಾವಲ್ ಬೀಗೆ, ದುರುಗಪ್ಪನಿಗೆ, ಊಟಕ್ಕೆ ಕೂತವರಿಗೆಲ್ಲ ಕೇಳಿಕೊಂಡು ಬಂದಳು. ‘ಅಳಿಸು’ ಎಂದರೆ ಒಬ್ಬ ತನ್ನ ಮಗುವನ್ನು ಯಾಕೆ ಅಳಿಸಬೇಕೆಂದ. ‘ಕಳಿ’ ಎಂದರೆ ದುರುಗಪ್ಪನಿಗೆ ಲೆಕ್ಕ ನೆನಪಾಯಿತು. ಸಾಕಾಗಿ ಹಣೆ ಒತ್ತಿಕೊಂಡು ಬಂಡೆಮ್ಮ “ಅಯ್ಯೋ!” ಎಂದಳು. ಅಂದವಳು ತಟ್ಟನೆ ತಲೆಯೆತ್ತಿದಳು.

“ತಮ್ಮಾ, ಅದನ್ನೇ ಇಡು. ‘ಅಯ್ಯೋ’.”

“ಅಯ್ಯೋನಾ?”

“ಹೂಂ. ಹೋದ ಮ್ಯಾಲೆ ಅನ್ನೋದನ್ನ ಮೊದಲೇ ಅಂದ್ರ ಕೈ ಹಿಂದಕ್ಕ ಬರ್ತದ. ಅಯ್ಯೋ ಅಂದ್ರ ಯಾವ ಊರಾಗೂ ಬಾಗಿಲಾ ತೆಗಿ ಅಂತ ಅರ್ಥ ಇಲ್ಲ.”

ಈ ಹೆಸರಿನಿಂದ ಯಾರಿಗೂ ಯಾವ ತಪ್ಪೂ ಆಗಲಿಲ್ಲ. ಯಾಕೆಂದರೆ ಯಾರೂ ಅದನ್ನು ಮುಟ್ಟಲಿಲ್ಲ. ಬೆಳಿಗ್ಗೆ ಬಂದ ಕೂಡಲೇ ಅಯ್ಯೋ ಎನ್ನಬಾರದೆಂದು ದುರುಗಪ್ಪ ಒಪ್ಪಲಿಲ್ಲ. ಶ್ರಾವಣದಲ್ಲಿ ಅಯ್ಯೋ ಬೇಡವೆಂದರು ಸಾಹುಕಾರರು. ಬೇಡವಾದ ಕಡತಗಳು ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂಡಿ ಕೂಡಿ, ಕೊನೆಗೊಂದು ದಿನ ಅದು ಇನ್ನು ಜಾಗವಿಲ್ಲವೆಂದು ಮೊಂಡು ಹಿಡಿಯಿತು. ಆಮೇಲೆ ಬಂಡೆಮ್ಮನೇ ಆ ಕೆಲಸವನ್ನು ಮೈಮೇಲೆ ಹಾಕಿಕೊಂಡಳು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಬರೆಯುವುದನ್ನು ಬಾಯಲ್ಲೂ ಹೇಳುವುದು ಅವಳ ಅಭ್ಯಾಸ. “ಅಯ್ಯೋ, ಹೋದ ವರ್ಷದ ತೂಕ. ಅಯ್ಯೋ, ಜೂನ್ ತಿಂಗಳ ಬೀಜ. ಅಯ್ಯೋ, ಗೊಣಗಪ್ಪ.” ಹೊರಗೆ ಹತ್ತಿ ತಂದು ಕಾಯುತ್ತ ಕೂತ ರೈತರು ಒಳಗಿನ ದನಿ ಕೇಳಿ ರುಮಾಲು ತೆಗೆದು ಕೈಯಲ್ಲಿ ಹಿಡಿಯುತ್ತಿದ್ದರು. ಯಾರು ಹೋದರೆಂದು ದಾವಲ್ ಬೀಯನ್ನು ಮೆಲ್ಲಗೆ ಕೇಳುತ್ತಿದ್ದರು.

“ಬ್ಯಾಡಾದವರು,” ಎನ್ನುತ್ತಿದ್ದಳು ದಾವಲ್ ಬೀ, ಅವರ ಕೈಗೆ ಚಹಾದ ಲೋಟ ಕೊಡುತ್ತ. “ಕುಡೀರಿ, ಇನ್ನಾ ಸ್ವಲ್ಪ ಜನ ಅದಾರ.”